ಎಮಿಲ್ ಅಜ್ಜನ ಹನ್ನೊಂದನೆಯ ಸಾವು

ಎಮಿಲ್ ಅಜ್ಜ ಸತ್ತು ಹತ್ತು ನಿಮಿಷವಾಗಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಕಣಜದ ಹುಳ ಹಾರಿ ಬಂದು ಅವನ ಮೂಗಿನ ಮೇಲೆ ಕೂತಿತು.

ತಪ್ಪು ಹುಳದ್ದಲ್ಲ. ನೆಬ್ರಾಸ್ಕಾದ ಆ ಸಣ್ಣ ಊರಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲೂ ಆಸ್ಪತ್ರೆಯ ನರ್ಸುಗಳಿಗೆ ಸುಂಟರಗಾಳಿಯ ಅಣಕು ತರಬೇತಿ ನಡೆಯುತ್ತದೆ. ಊರಿನವರೇ ಗಾಯಾಳುಗಳಾಗಿ ಶಾಲೆಯ ಮೈದಾನದಲ್ಲಿ ಬಿದ್ದುಕೊಳ್ಳುತ್ತಾರೆ. ಅವರಿಗೆ ಬಳಿಯುವ ರಕ್ತ ಎಂದರೆ ಮುಸುಕಿನ ಜೋಳದ ಸಿಹಿ ಪಾಕಕ್ಕೆ ಕೆಂಪು ಬಣ್ಣ ಹಾಕಿ ಕಲಸಿದ್ದು. ಹೈಸ್ಕೂಲಿನ ಹುಡುಗಿಯರು ಈ ಸಲ ಅಜ್ಜನ ಮುಖಕ್ಕೆ ಅದನ್ನು ಧಾರಾಳವಾಗಿಯೇ ಸುರಿದಿದ್ದರು. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಅಜ್ಜ ವರ್ಷವೂ ತಪ್ಪದೆ ಹೆಣವಾಗುತ್ತಾ ಬಂದಿದ್ದಾನೆ, ಇದು ಹನ್ನೊಂದನೆಯ ಸಲ. ಒಂದು ಸಲವೂ ಅಲುಗಾಡಿದವನಲ್ಲ, ಆ ಜಂಬ ಅವನಿಗೆ ಬೇಕಾದಷ್ಟಿತ್ತು.

ನರ್ಸ್ ಮಾರ್ಲಿಸ್ ಓಡೋಡಿ ಬಂದು ಅವನ ಪಕ್ಕ ಮಂಡಿಯೂರಿದಳು. ಸೊಂಟದಲ್ಲಿ ನಾಲ್ಕು ಬಣ್ಣದ ಚೀಟಿಗಳು. ತಕ್ಷಣ ಸಾಗಿಸಬೇಕಾದವರಿಗೆ ಕೆಂಪು, ಸ್ವಲ್ಪ ಹೊತ್ತು ತಡೆಯಬಲ್ಲವರಿಗೆ ಹಳದಿ, ಎದ್ದು ಓಡಾಡುವವರಿಗೆ ಹಸಿರು, ಸತ್ತವರಿಗೆ ಕಪ್ಪು. ಒಬ್ಬರಿಗೆ ಮೂವತ್ತೇ ಸೆಕೆಂಡು. ಹೋದ ವರ್ಷ ಅವಳು ನಪಾಸಾದದ್ದು ಇದೇ ಅಜ್ಜನಿಂದ. ಚಿಕ್ಕಂದಿನಲ್ಲಿ ದಿನಾ ತನ್ನನ್ನು ಬಸ್ಸು ಹತ್ತಿಸಿಕೊಂಡವನನ್ನು ಬಿಟ್ಟೇಳಲು ಮನಸ್ಸಾಗದೆ, ಉಸಿರು ಬರಿಸುತ್ತೇನೆಂದು ನಾಲ್ಕು ನಿಮಿಷ ಅಲ್ಲೇ ಕೂತುಬಿಟ್ಟಿದ್ದಳು. ಅಷ್ಟರಲ್ಲಿ ಬದುಕಬೇಕಿದ್ದ ಇಬ್ಬರು ಕಾಗದದ ಮೇಲೆ ಸತ್ತುಹೋದರು. ಈ ವರ್ಷವೂ ಹಾಗೇ ಆದರೆ ಆಸ್ಪತ್ರೆಯ ತುರ್ತು ತಂಡದ ಆಸೆ ಬಿಡಬೇಕು. ಆ ತಂಡಕ್ಕೆ ಸೇರಬೇಕೆಂದೇ ಅವಳು ನರ್ಸಾದದ್ದು.

“ಮಾರ್ಲಿಸ್, ಈ ಸಲಾನೂ ಇಲ್ಲೇ ಬಿಡಾರ ಹೂಡ್ಬೇಡ ಮಾರಾಯ್ತಿ,” ಎಂದಳು ಗಡಿಯಾರ ಹಿಡಿದು ಹಿಂದೆಯೇ ನಿಂತಿದ್ದ ಬರ್ನೀಸ್. ತರಬೇತಿ ಕೊಡುವವಳೂ ಅವಳೇ, ಅಂಕ ಹಾಕುವವಳೂ ಅವಳೇ.

“ಇಲ್ಲ ಮೇಡಂ.”

ಮಾರ್ಲಿಸ್ ಅಜ್ಜನ ತಲೆ ಹಿಂದಕ್ಕೆ ವಾಲಿಸಿ, ಮೂಗಿನ ಹತ್ತಿರ ಕಿವಿ ಇಟ್ಟಳು. ಅಜ್ಜ ಕರ್ತವ್ಯನಿಷ್ಠೆಯಿಂದ ಉಸಿರು ಬಿಗಿಹಿಡಿದಿದ್ದ. ಕಪ್ಪು ಚೀಟಿ ಕಿತ್ತು ಅವನ ಮಣಿಕಟ್ಟು ಹಿಡಿದಾಗಲೇ ಅವಳಿಗೆ ಹುಳ ಕಂಡದ್ದು. ಅದು ಮೂಗಿನ ತುದಿಯಲ್ಲಿ ಪಾಕ ಹೀರುತ್ತಾ ಹಾಯಾಗಿತ್ತು. ಅವಳ ಕೈ ತಾನೇ ತಾನಾಗಿ ಮೇಲಕ್ಕೆದ್ದಿತು.

“ಅಜ್ಜಾ, ಮೂಗಿನ ಮೇಲೆ...”

“ಗೊತ್ತು,” ಹೆಣ ತುಟಿ ಅಲುಗಿಸದೆ ಹೇಳಿತು. “ನೀನು ಹೊರಡು.”

“ಕಚ್ಚಿಬಿಟ್ರೆ?”

“ಸತ್ತೋನಿಗೆ ಕಚ್ಚಿದ್ರೆಷ್ಟು ಬಿಟ್ರೆಷ್ಟು? ಅಲ್ಲಿ ಬೇಕರಿ ರೊಸಾಲಿ ಆಗಿನಿಂದ ಬಾಯಿ ಬಡ್ಕೋತಿದ್ದಾಳೆ, ಅವಳನ್ನ ನೋಡು ಹೋಗೇ!”

“ಇಪ್ಪತ್ತೆರಡು, ಇಪ್ಪತ್ತಮೂರು...” ಬರ್ನೀಸ್ ಎಣಿಸುತ್ತಿದ್ದಳು. ಹೆಣ ಮಾತಾಡಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ, ಮುಖವನ್ನಂತೂ ಆಚೆ ತಿರುಗಿಸಿಕೊಂಡಿದ್ದಳು.

ಮಾರ್ಲಿಸ್ ಚೀಟಿ ಕಟ್ಟಿದಳು, ಎದ್ದಳು, ಓಡಿದಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ “ಅಮ್ಮಾ!” ಎಂದು ಅಜ್ಜನ ಸಣ್ಣ ಸ್ವರ ಬಂತು. ಆದರೂ ಅವಳು ತಿರುಗಿ ನೋಡಲಿಲ್ಲ. ರೊಸಾಲಿಗೆ ಕೆಂಪು, ಪೋಸ್ಟ್‌ಮ್ಯಾನಿಗೆ ಹಳದಿ, ಗಾಯಕ್ಕಿಂತ ಕಿರುಚಾಟವೇ ಹೆಚ್ಚಾಗಿದ್ದ ಮೂವರಿಗೆ ಹಸಿರು. ಹನ್ನೊಂದು ನಿಮಿಷದಲ್ಲಿ ಇಪ್ಪತ್ತನಾಲ್ಕು ಜನರನ್ನು ನೋಡಿ ಮುಗಿಸಿದಳು. ಈ ಸಲ ಬದುಕಬೇಕಾದವರು ಒಬ್ಬರೂ ಸಾಯಲಿಲ್ಲ.

ಬರ್ನೀಸ್ ಶಿಳ್ಳೆ ಊದಿದಳು. ಗಾಯಾಳುಗಳೆಲ್ಲ ಎದ್ದು ರಕ್ತ ಒರೆಸಿಕೊಂಡು ಶಾಲೆಯ ಊಟದ ಮನೆಗೆ ನುಗ್ಗಿದರು. ಚರ್ಚಿನ ಹೆಂಗಸರು ಪ್ಲಮ್ ಹಣ್ಣಿನ ಹೂರಣವಿಟ್ಟು ಬೇಯಿಸಿದ ಕೊಲಾಚಿ ಬನ್ನುಗಳನ್ನು ತಂದಿದ್ದರು. ಸಾಲಿನಲ್ಲಿ ಎಲ್ಲರಿಗಿಂತ ಮುಂದಿದ್ದವನು ಕಾಲು ತುಂಡಾದವನು. ಬರ್ನೀಸ್ ಕೈಯಲ್ಲಿದ್ದ ಹಾಳೆ ಮಡಚಿ, “ಮಾರ್ಲಿಸ್, ತಂಡಕ್ಕೆ ಸ್ವಾಗತ ಕಣೇ,” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಖುಷಿಯಲ್ಲಿ ಕೊಲಾಚಿ ಕಚ್ಚಲು ಹೋದ ಮಾರ್ಲಿಸ್ ಅರ್ಧಕ್ಕೇ ನಿಂತಳು.

“ಎಮಿಲ್ ಅಜ್ಜ ಎಲ್ಲಿ?”

“ಬರ್ತಾರೆ ಬಿಡು. ಸತ್ತೋರನ್ನ ಯಾರಾದ್ರೂ ಕರೀತಾರಾ? ವರ್ಷಾ ವರ್ಷಾ ಅವರೇ ಎದ್ದು ಬರ್ತಾರಪ್ಪ,” ಎಂದಳು ಬರ್ನೀಸ್.

ಮಾರ್ಲಿಸ್ ಒಂದು ಕೈಯಲ್ಲಿ ಐಸಿನ ಚೀಲ, ಇನ್ನೊಂದರಲ್ಲಿ ಕೊಲಾಚಿ ಹಿಡಿದು ಮೈದಾನಕ್ಕೆ ಓಡಿದಳು. ಖಾಲಿ ಮೈದಾನದ ನಡುವೆ ಅಜ್ಜ ಒಬ್ಬನೇ ಕಣ್ಣು ಮುಚ್ಚಿ, ಕೈಗೆ ಕಪ್ಪು ಚೀಟಿ ಕಟ್ಟಿಕೊಂಡು, ಇಟ್ಟ ಹಾಗೇ ಮಲಗಿದ್ದ. ಮೂಗು ಟೊಮೆಟೊ ಹಾಗೆ ಊದಿತ್ತು. ಅಷ್ಟು ಜನ ಗಾಯಾಳುಗಳಲ್ಲಿ ನಿಜವಾಗಿ ಪೆಟ್ಟಾದದ್ದು ಹೆಣಕ್ಕೊಂದಕ್ಕೇ.

“ಪಾಸಾದ್ಯಾ?” ಅಜ್ಜ ಕಣ್ಣು ಮುಚ್ಚಿಕೊಂಡೇ ಕೇಳಿದ.

“ಆದೆ ಅಜ್ಜಾ. ಆದ್ರೆ ನಿಮ್ಮನ್ನ ಬಿಟ್ಟು ಹೋದೆ.” ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

“ಹೋಗದಿದ್ರೆ ನಾನೇ ಎದ್ದು ಒದೀತಿದ್ದೆ.”

ಅವಳು ಮೂಗಿಗೆ ಐಸು ಒತ್ತಿದಳು. ಕಪ್ಪು ಚೀಟಿ ಬಿಚ್ಚಿ, ಸೊಂಟದಲ್ಲಿ ಉಳಿದಿದ್ದ ಹಸಿರು ಚೀಟಿ ಕಟ್ಟಿದಳು. ಅಜ್ಜ ಆಗ ಕಣ್ಣು ಬಿಟ್ಟ. ಮಣಿಕಟ್ಟನ್ನು ಎತ್ತಿ ಹಸಿರು ಚೀಟಿಯನ್ನು ಆಚೆ ಈಚೆ ತಿರುಗಿಸಿ ನೋಡಿದ.

“ಹನ್ನೊಂದು ವರ್ಷದಿಂದ ಸಾಯ್ತಾ ಇದ್ದೀನಿ ಮಗಳೇ,” ಎಂದ. “ವಾಪಸ್ ಬಂದು ನೋಡಿದೋಳು ನೀನೇ ಮೊದಲು.”