ಸ್ಪ್ಯಾನಿಷ್ ಸೀಟು

"ನಾಳೆ ಸಾಯಂಕಾಲ ಟೀಚರ್ ನಮ್ಮನೆಗೆ ಬರ್ತಾರಂತೆ" ಎಂದು ಮಗಳು ಯಾರೆಲಿ ಹೇಳಿದ್ದೇ ತಡ, ಹರ್ಮೀನಿಯಾ ಕಾವಲಿಯ ಮೇಲಿದ್ದ ರೊಟ್ಟಿಯನ್ನು ಮರೆತಳು. ಅದು ಸೀದು ಹೊಗೆ ಬಂದಾಗ ಮೂಲೆಯಲ್ಲಿ ಕೂತು ತಾಳೆಗರಿಯ ಟೋಪಿ ಹೆಣೆಯುತ್ತಿದ್ದ ಅವಳ ತಾಯಿ ಕ್ರೆಸೆನ್ಸಿಯಾ ತಮ್ಮ ಬೆಟ್ಟದೂರಿನ ಮಿಸ್ತೆಕೊ ಮಾತಿನಲ್ಲಿ ಗದರಿದರು. ಹರ್ಮೀನಿಯಾ ಓಡಿಹೋಗಿ ಕಿಟಕಿ ಮುಚ್ಚಿದಳು. ಹೊಗೆ ಹೊರಗೆ ಹೋಗದಿದ್ದರೂ ಸರಿ, ಮಾತು ಹೋಗದಿರಲಿ ಎಂದು.

ಟೀಚರ್ ಯಾಕೆ ಬರುತ್ತಾರೆ? ಎಲ್ಲ ಮಕ್ಕಳ ಮನೆಗೂ ಹೋಗುತ್ತಾರಂತೆ, ಸುಮ್ಮನೆ ನೋಡಿ ಮಾತಾಡಿಸಿ ಬರುತ್ತಾರಂತೆ. ಸುಮ್ಮನೆ ಯಾರು ಯಾರ ಮನೆಗೆ ಬರುತ್ತಾರೆ? ಅವರು ವಲಸೆ ಬಂದ ಇಂಗ್ಲಿಷ್ ನಾಡಿನ ಆ ಸರ್ಕಾರಿ ಶಾಲೆಯ ಸ್ಪ್ಯಾನಿಷ್ ತರಗತಿಯಲ್ಲಿ ಅರ್ಧ ಸೀಟು ಇಂಗ್ಲಿಷ್ ಮನೆಯ ಮಕ್ಕಳಿಗೆ, ಇನ್ನರ್ಧ ಸ್ಪ್ಯಾನಿಷ್ ಮನೆಯ ಮಕ್ಕಳಿಗೆ. ಸೀಟಿಗಾಗಿ ಕಾದು ಕೂತವರು ಬೇಕಾದಷ್ಟು. ಸೇರಿಸುವಾಗ ಆಫೀಸಿನ ಹೆಂಗಸು ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದ್ದಕ್ಕೆ ಹರ್ಮೀನಿಯಾ ಮಿಸ್ತೆಕೊ ಎನ್ನದೆ, ಕಣ್ಣು ಮಿಟುಕಿಸದೆ ಸ್ಪ್ಯಾನಿಷ್ ಎಂದಿದ್ದಳು. ಅಂದಿನಿಂದ ಯಾರು ಬಾಗಿಲು ತಟ್ಟಿದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವುದೇ ಅವಳ ಪಾಡಾಗಿತ್ತು.

ಪಕ್ಕದ ಮನೆಯ ಓಫೆಲಿಯಾ ಉರಿಯುವ ಬೆಂಕಿಗೆ ತುಪ್ಪ ಸುರಿದಳು. ಟೀಚರುಗಳು ಅಡುಗೆಮನೆವರೆಗೂ ಬಂದು ಕಿವಿಗೊಟ್ಟು ಕೇಳುತ್ತಾರಂತೆ, ಹೋದ ವರ್ಷ ಒಂದು ಮಗುವನ್ನು ಹೀಗೇ ಬೇರೆ ತರಗತಿಗೆ ಹಾಕಿದರಂತೆ. ಕಣ್ಣಾರೆ ಕಂಡದ್ದೇನೂ ಅಲ್ಲ, ಎಲ್ಲ ಅಂತೆಕಂತೆ. ಆದರೆ ಹರ್ಮೀನಿಯಾಗೆ ಅಷ್ಟೇ ಸಾಕಿತ್ತು. ಸ್ಟ್ರಾಬೆರಿ ಹೊಲದಲ್ಲಿ ಅವಳ ತೊದಲು ಸ್ಪ್ಯಾನಿಷ್ ಕೇಳಿ ಮೇಸ್ತ್ರಿಗಳು ಅಣಕಿಸಿ ನಗುತ್ತಿದ್ದರು. ಬೆಟ್ಟದಿಂದಿಳಿದು ಬಂದವಳು ಎಂದು ಹಂಗಿಸುತ್ತಿದ್ದರು. ಆ ನಗು ಮಗಳ ಪಾಲಿಗೆ ಬರಬಾರದು. ಆ ಸೀಟು ಹೋದರೆ ಬದುಕೇ ಹೋಯಿತು.

ರಾತ್ರಿ ಊಟಕ್ಕೆ ಕೂತಾಗ ತಾಯಿಗೆ ಹೇಳಿದಳು: "ಅವ್ವಾ, ನಾಳೆ ಟೀಚರ್ ಇರೋ ತನಕ ನೀನು ಬಾಯಿ ಬಿಡಬೇಡ. ಒಂದೇ ಒಂದು ಮಾತು ಬಿದ್ರೂ ಮಗು ಗತಿ ಮುಗೀತು."

"ನನ್ನ ಬಾಯಿ ನಿಂಗೆ ಅಷ್ಟು ಭಾರ ಆಯ್ತೇನೇ?" ಎಂದರು ಮುದುಕಿ. ಆಮೇಲೆ ಮೊಮ್ಮಗಳ ಮುಖ ನೋಡಿ, ಆಯ್ತು ಎಂದು ತಲೆಯಾಡಿಸಿದರು. ಅಂದು ಅವರು ಮೊಮ್ಮಗಳ ಜಡೆ ಹೆಣೆಯುವಾಗ ದಿನಾ ಹೇಳುವ ಮೊಲದ ಕಥೆಯನ್ನೂ ಹೇಳಲಿಲ್ಲ.

ಮರುದಿನ ಸಾಯಂಕಾಲ ಪಿಲಾರ್ ಟೀಚರ್ ಬಂದರು. ಕೊಲಂಬಿಯಾದ ಹೆಂಗಸು, ಕೈಯಲ್ಲಿ ಒಂದು ಪೊಟ್ಟಣ ಸಿಹಿ ಬ್ರೆಡ್ಡು, ಬಾಯ್ತುಂಬ ನಗು. ಆ ನಗುವೂ ಹರ್ಮೀನಿಯಾಗೆ ಸರಿಬರಲಿಲ್ಲ. ಪೊಲೀಸರು ಲಾಠಿ ಹಿಡಿದು ಬಂದರೆ ಗೊತ್ತಾಗುತ್ತದೆ, ಬ್ರೆಡ್ಡು ಹಿಡಿದು ಬಂದವರನ್ನು ನಂಬುವುದು ಹೇಗೆ? ಬಿಸಿ ಜೋಳದ ಅಂಬಲಿ ಕೊಟ್ಟು, ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಸ್ಪ್ಯಾನಿಷ್‌ನಲ್ಲಿ ಉಪಚರಿಸಿದಳು. ಟೀಚರ್ ಮಾತ್ರ ಮೂಲೆಯತ್ತ ತಿರುಗಿ ಅಜ್ಜಿಗೆ ನಮಸ್ಕಾರ ಹೇಳಿದರು. ಅಜ್ಜಿ ಗರಿ ಹೆಣೆಯುವುದನ್ನು ನಿಲ್ಲಿಸಿ ಮುಗುಳ್ನಕ್ಕರು.

"ಅವರಿಗೆ ಕಿವಿ ಕೇಳಿಸಲ್ಲ ಟೀಚರ್. ಮಾತೂ ಬರಲ್ಲ. ಹುಟ್ಟಿದಾಗಿಂದ" ಎಂದುಬಿಟ್ಟಳು ಹರ್ಮೀನಿಯಾ.

ಟೀಚರ ಮುಖ ಪೆಚ್ಚಾಯಿತು. ಯಾರೆಲಿ ತರಗತಿಯಲ್ಲಿ ಅಜ್ಜಿಯ ಕಥೆಯೊಂದನ್ನು ಅರ್ಧ ಹೇಳಿ ನಿಲ್ಲಿಸಿದ್ದಳಂತೆ. ಮೊಲ ಆಮೇಲೆ ಹೇಗೆ ತಪ್ಪಿಸಿಕೊಂಡಿತು ಎಂದು ಮಕ್ಕಳೆಲ್ಲ ಹಟ ಹಿಡಿದಿದ್ದಾರಂತೆ. ಅಜ್ಜ ಅಜ್ಜಿಯರನ್ನು ಶಾಲೆಗೆ ಕರೆಸಿ ಕಥೆ ಹೇಳಿಸುವ ದಿನಕ್ಕೆ ಇವರನ್ನೇ ಮೊದಲು ಕರೆಯೋಣ ಎಂದು ಬಂದದ್ದು. "ಯಾವ ಭಾಷೆಲಾದ್ರೂ ಪರವಾಗಿಲ್ಲ ಅಂದಿದ್ದೆ. ಯಾರೆಲಿನೇ ಮಕ್ಕಳಿಗೆ ತಿಳಿಸಿ ಹೇಳ್ತೀನಿ ಅಂದಿದ್ದಳು."

ಯಾವ ಭಾಷೆಯಲ್ಲಾದರೂ! ಗಾಳಕ್ಕೆ ಸಿಕ್ಕಿಸಿದ ಹುಳು ಇದೇ ಎಂದುಕೊಂಡಳು ಹರ್ಮೀನಿಯಾ. "ಮಕ್ಕಳು ಏನೇನೋ ಕಟ್ಟಿ ಹೇಳ್ತಾವೆ ಟೀಚರ್. ಅವರ ಬಾಯಿಂದ ಕಥೆ ಎಲ್ಲಿಂದ ಬರ್ಬೇಕು?"

"ಹೌದಾ ಪುಟ್ಟಾ? ಕಟ್ಟಿ ಹೇಳಿದ್ದಾ?" ಟೀಚರ ದನಿಯಲ್ಲಿ ಗದರಿಕೆ ಇರಲಿಲ್ಲ. ಯಾರೆಲಿ ಅಮ್ಮನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಕೊನೆಗೆ ಹೌದೆಂದು ತಲೆಯಾಡಿಸಿ ನೆಲ ನೋಡಿದಳು. ಟೀಚರ್ ಅವಳ ತಲೆ ಸವರಿದರು. ಇವಳೇ ನನ್ನ ತರಗತಿಯ ಜಾಣೆ, ಇವಳಿಲ್ಲದೆ ನನಗೆ ಪಾಠವೇ ನಡೆಯುವುದಿಲ್ಲ ಎಂದು ಹೇಳಿ ಹೊರಟರು. ಹೊಸ್ತಿಲಲ್ಲಿ ಮತ್ತೊಮ್ಮೆ ಮುದುಕಿಯತ್ತ ತಿರುಗಿ, ಅವರಿಗೆ ತಿಳಿಯಲೆಂದು ಎದೆಯ ಮೇಲೆ ಕೈಯಿಟ್ಟು ಬೀಳ್ಕೊಂಡರು.

ಕಾರು ರಸ್ತೆ ತಿರುಗಿದ ಮೇಲೆ ಹರ್ಮೀನಿಯಾ ಉಸ್ಸೆಂದು ಕುಸಿದು ಕೂತಳು. ಸೀಟು ಉಳಿಯಿತು. ತಣ್ಣಗಾದ ಅಂಬಲಿಯನ್ನು ಒಂದೇ ಗುಟುಕಿಗೆ ಕುಡಿದಳು.

ಅಜ್ಜಿ ಗರಿಯನ್ನು ಪಕ್ಕಕ್ಕಿಟ್ಟು, ಮೊಮ್ಮಗಳನ್ನು ತೊಡೆಯ ಬಳಿಗೆಳೆದುಕೊಂಡು ತಮ್ಮ ಮಾತಿನಲ್ಲಿ ಕೇಳಿದರು: "ಏನಂದಳೇ ಕಂದಾ ಆ ಹುಡುಗಿ? ಒಳ್ಳೆಯವಳ ಹಾಗೆ ಕಂಡಳು."

ಯಾರೆಲಿ ತನ್ನ ಪುಟ್ಟ ಬೆರಳನ್ನು ಅಜ್ಜಿಯ ತುಟಿಯ ಮೇಲೆ ಒತ್ತಿಟ್ಟಳು. ಅಜ್ಜಿಗೆ ಅರ್ಥವಾಗದ ಸ್ಪ್ಯಾನಿಷ್‌ನಲ್ಲಿ, ಪಾಠ ಒಪ್ಪಿಸುವ ಹಾಗೆ, ಅಚ್ಚುಕಟ್ಟಾಗಿ ಹೇಳಿದಳು: "ಸುಮ್ಮನಿರಜ್ಜಿ. ನಿನಗೆ ಮಾತು ಬರಲ್ಲ."