ಅರ್ಧ ಇಂಚು

"ಇದಕ್ಕಿಂತ ದೊಡ್ಡ ತೊಟ್ಟಿ ಬೇಕಪ್ಪ. ಇದರಲ್ಲಿ ಹವಳಕ್ಕೆ ಜಾಗ ಸಾಲ್ತಿಲ್ಲ," ಎಂದಳು ಟೈಲರಮ್ಮ, ಕುತ್ತಿಗೆಗೆ ಹಾಕಿಕೊಂಡಿದ್ದ ಟೇಪನ್ನು ಎಳೆದು ಗಾಜಿನ ಮೇಲೆ ಹಿಡಿಯುತ್ತ. "ನೋಡು, ಐದು ಇಂಚು. ಹೋದ ತಿಂಗಳು ನಾಲ್ಕೂಕಾಲು ಇತ್ತು."

ಸಾಕುಮೀನಿನ ಅಂಗಡಿಯವನು ಬಗ್ಗಿ ನೋಡಿದ. ಉಪ್ಪುನೀರಿನ ಆ ತೊಟ್ಟಿಯನ್ನು ಈ ಮನೆಯ ಮಗಳಿಗೆ ಕೂರಿಸಿಕೊಟ್ಟವನು ಅವನೇ. ಉಗುರಿನಷ್ಟು ಜೀವಂತ ಹವಳದ ಚೂರನ್ನು ಕಲ್ಲಿಗೆ ಅಂಟಿಸಿ ಅವಳ ಕೈಗಿತ್ತವನೂ ಅವನೇ. ಅದನ್ನು ನೀರಿಗಿಳಿಸಿದ ದಿನ ಮಗಳು, "ಅಮ್ಮಾ, ಊರವರಿಗೆಲ್ಲ ಅಳತೆ ತಗೋತೀಯ, ಇದಕ್ಕೂ ಒಂದು ತಗೋ," ಎಂದು ಹಟ ಹಿಡಿದಿದ್ದಳು. ತಾಯಿ ನಗುತ್ತಲೇ ಅಳತೆ ಪುಸ್ತಕ ತೆಗೆದು ಮಗಳದೇ ಹಾಳೆಯಲ್ಲಿ, ಭುಜ, ಎದೆ, ಸೊಂಟದ ಅಳತೆಗಳ ಕೆಳಗೆ, 'ಹವಳ: ಅರ್ಧ ಇಂಚು' ಎಂದು ಬರೆದಿದ್ದಳು. ಅದಾಗಿ ಇಪ್ಪತ್ತು ದಿನಕ್ಕೆ, ಜ್ವರ ಎಂದು ಮಲಗಿದ ಮಗಳು ಏಳಲೇ ಇಲ್ಲ.

ಆಗಿನಿಂದ ಹನ್ನೊಂದು ತಿಂಗಳು, ಪ್ರತಿ ಒಂದನೇ ತಾರೀಖು ತಾಯಿ ತೊಟ್ಟಿಗೆ ಟೇಪು ಹಿಡಿದಿದ್ದಾಳೆ. ಒಂದು ಇಂಚು, ಒಂದೂಮುಕ್ಕಾಲು, ಎರಡೂವರೆ. ಮಗಳ ಹಾಳೆ ತುಂಬುತ್ತ ಬಂದಿದೆ. ದುಃಖದಲ್ಲಿ ಹಾಸಿಗೆ ಹಿಡಿದಿದ್ದ ತಾಯಿಯನ್ನು ಎಬ್ಬಿಸಿ ಮತ್ತೆ ಹೊಲಿಗೆ ಮಿಷನ್ನಿನ ಮುಂದೆ ಕೂರಿಸಿದ್ದು ಆ ಹಾಳೆಯೇ ಎಂದರೆ ತಪ್ಪಾಗಲಾರದು. ಬೆಳೆದದ್ದನ್ನು ಗಂಡನಿಗೆ ಹೇಳಿದರೆ ಅವನದು ಒಂದು 'ಹೂಂ' ಅಷ್ಟೇ, ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ತೊಟ್ಟಿಯ ಮುಂದೆ ಅವನು ಒಂದು ಗಳಿಗೆ ನಿಂತದ್ದನ್ನೂ ಅವಳು ಕಂಡಿರಲಿಲ್ಲ. ಕಲ್ಲಿನಂಥ ಮನುಷ್ಯ ಎಂದು ಮನಸ್ಸಿನಲ್ಲೇ ಬೈದುಕೊಂಡು ಸುಮ್ಮನಾಗಿದ್ದಳು.

ಮೀನಿನಂಗಡಿಯವನು ಟಾರ್ಚು ಹಾಕಿ ಎಡದಿಂದ ನೋಡಿದ, ಬಲದಿಂದ ನೋಡಿದ. ಹೇಳದೆ ಹೊರಟುಬಿಡಲೇ ಎಂದೂ ಅವನಿಗೆ ಅನ್ನಿಸಿರಬೇಕು.

"ಅಮ್ಮ, ಬೆಳೆದಿರೋದು ಹವಳ ಅಲ್ಲ. ಇದು ಸ್ಪಂಜು. ಬಣ್ಣ ಹೆಚ್ಚುಕಮ್ಮಿ ಒಂದೇ ಥರ ಇದೆ, ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಹವಳದ ಮೇಲೇ ಹತ್ತಿ ಕೂತಿದೆ."

"ಸ್ಪಂಜು ಅಂದ್ರೆ? ಪಾತ್ರೆ ತಿಕ್ಕೋದಾ?"

"ಇದು ಜೀವ ಇರೋದು. ಕಲ್ಲಿನ ಜೊತೆ ಸದ್ದಿಲ್ಲದೆ ಬಂದುಬಿಡುತ್ತೆ. ತೊಟ್ಟಿಗೆ ಊಟ ಜಾಸ್ತಿಯಾದ್ರೆ ಹೀಗೆ ಹಬ್ಬುತ್ತೆ. ದಿನಕ್ಕೆ ಎಷ್ಟು ಸಲ ಹಾಕ್ತೀರಿ?"

"ಒಂದೇ ಸಲ. ಅವಳು ಹಾಕ್ತಿದ್ದ ಹಾಗೇ, ಸಂಜೆ ಒಂದು ಚಿಟಿಕೆ."

"ಬೆಳಿಗ್ಗೆ ನಾನೂ ಒಂದು ಚಿಟಿಕೆ ಹಾಕ್ತೀನಿ," ಎಂದ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಗಂಡ, ಪೇಪರಿನ ಹಿಂದಿನಿಂದಲೇ. "ನೀನು ಏಳೋಕೆ ಮುಂಚೆ."

"ನೀವಾ?" ಎಂದಳು ಅವಳು.

ಪೇಪರು ಕೆಳಗಿಳಿಯಲಿಲ್ಲ. "ತಿಂಗಳು ತಿಂಗಳು ಹೇಳ್ತಿದ್ಯಲ್ಲ, ಬೆಳೀತಿದೆ ಅಂತ. ಇನ್ನಷ್ಟು ಬೆಳೀಲಿ ಅಂತ ಹಾಕಿದೆ."

ಮೀನಿನಂಗಡಿಯವನು ಟಾರ್ಚು ಆರಿಸಿ, "ಕಲ್ಲನ್ನ ಹೊರಗೆ ತೆಗೆದು ಕೆರೀಬೇಕು. ನೀರೊಳಗೇ ಕೆರೆದ್ರೆ ಚೂರುಚೂರೂ ಮತ್ತೆ ಹುಟ್ಟುತ್ತೆ," ಎಂದ.

"ಇರಲಿ ಬಿಡಪ್ಪ," ಎಂದಳು ಅವಳು. "ಸ್ಪಂಜೇ ಆಗಿರಲಿ. ಬೆಳೀತಿದೆಯಲ್ಲ, ನನಗೆ ಅಷ್ಟು ಸಾಕು."

"ಇದು ಬೆಳೆದಷ್ಟೂ ಅದು ಸಾಯುತ್ತಮ್ಮ. ಅಡಿಯಲ್ಲಿ ಇನ್ನೂ ಜೀವ ಇದ್ರೆ ಇವತ್ತು ಉಳಿಸಬಹುದು. ಇನ್ನೊಂದು ತಿಂಗಳು ಬಿಟ್ರೆ ಆಸೆ ಇಲ್ಲ."

ಮಗಳದು ಎಂದು ಇಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದೇ ಮಗಳದನ್ನು ಮುಚ್ಚಿಹಾಕುತ್ತಿತ್ತು ಎಂದು ತಿಳಿದರೆ ಯಾವ ತಾಯಿ ತಾನೇ ತಡೆದುಕೊಂಡಾಳು. ಅವಳ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ತೆಗಿ," ಎಂದಳು.

ಅವನು ಕೈಗವಸು ಹಾಕಿಕೊಂಡು ಕಲ್ಲನ್ನು ಮೇಲೆತ್ತಿ ಬಕೆಟ್ಟಿನ ಮೇಲೆ ಹಿಡಿದ. ಗಂಡ ಪೇಪರು ಮಡಿಸಿಟ್ಟು ಬಂದು, ಯಾರೂ ಹೇಳದೆಯೇ ಟಾರ್ಚು ಹಿಡಿದುಕೊಂಡು ನಿಂತ. ಚಾಕುವಿನ ತುದಿಗೆ ಸ್ಪಂಜು ಒದ್ದೆ ಬಟ್ಟೆಯ ಚಿಂದಿಯ ಹಾಗೆ ಎದ್ದು ಬಂತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗಳನ್ನೂ ಉಜ್ಜಿದ. ಐದು ಇಂಚೂ ಹೋದ ಮೇಲೆ ಉಳಿದದ್ದು ಒಂದು ಬಿಳಿಚಿದ ಚೂರು, ಅದರ ಒಂದು ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಣ್ಣ. "ಇಷ್ಟಕ್ಕೆ ಜೀವ ಇದೆ," ಎನ್ನುತ್ತ ಅವನು ಕಲ್ಲನ್ನು ಮತ್ತೆ ನೀರಿಗಿಳಿಸಿದ. "ಇನ್ಮೇಲೆ ಎರಡು ದಿನಕ್ಕೊಮ್ಮೆ ಊಟ. ಅದೂ ಒಬ್ಬರೇ ಹಾಕಿ."

ಅವನು ಹೋದ ಮೇಲೆ ಗಂಡ ತೊಟ್ಟಿಗೆ ಹಾಕುವ ಊಟದ ಡಬ್ಬಿಯನ್ನು ಹೆಂಡತಿಯ ಕಡೆ ಸರಿಸಿದ. ಅವಳು ಅದನ್ನು ಇಬ್ಬರ ನಡುವೆ ಇಟ್ಟು, ಗಾಜಿನ ಮೇಲೆ ಟೇಪು ಹಿಡಿದು ನೋಡಿದಳು. ಆಮೇಲೆ ಅಳತೆ ಪುಸ್ತಕ ತೆರೆದು ಮೊದಲ ದಿನದ 'ಅರ್ಧ ಇಂಚು' ಬಿಟ್ಟು ಉಳಿದ ಹನ್ನೊಂದು ಸಾಲುಗಳನ್ನೂ ಒಂದೊಂದಾಗಿ ಹೊಡೆದುಹಾಕಿದಳು. ಮೈ ಬದಲಾಗದ ಗಿರಾಕಿ ಬಂದರೆ ಅವಳು ಹೊಸದಾಗಿ ಅಂಕಿ ಬರೆಯುವುದಿಲ್ಲ, ತಾರೀಖು ಹಾಕಿ ಪಕ್ಕದಲ್ಲಿ ಎರಡು ಪದ ಗೀಚುತ್ತಾಳೆ. ಮಗಳ ಹಾಳೆಯಲ್ಲೂ ಅಂದಿನ ತಾರೀಖು ಹಾಕಿದಳು. ಪಕ್ಕದಲ್ಲಿ ಬರೆದಳು: 'ಹಳೇ ಅಳತೆ.'