ಎಂಟು ಜೊತೆ ತಾಳ

ಕಾರ್ತಿಕದ ಆ ಬೆಳಗ್ಗೆ ಚನ್ನಪಟ್ಟಣದಲ್ಲಿ ಎಂಥ ಮಂಜು ಬಿದ್ದಿತ್ತೆಂದರೆ, ಭಜನೆ ಸ್ಪರ್ಧೆಯ ಚಪ್ಪರದಲ್ಲಿ ಕೂತ ಗವಿಸಿದ್ದಯ್ಯನಿಗೆ ಕೇಳುಗರ ಮುಂದಿನ ಸಾಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಶಿವನ ಚಿತ್ತ, ಆ ಸಾಲಿನಲ್ಲೇ ಗಿರಿಜಾಂಬ ಕೂತಿದ್ದಳು.

ಅವಳು ತೀರಿಕೊಂಡ ಭಜನೆ ಮೇಷ್ಟ್ರ ಮಗಳು. ಗವಿಸಿದ್ದಯ್ಯನ ಕೈಲಿದ್ದ ಕಂಚಿನ ತಾಳ ಮೇಷ್ಟ್ರು ಅವಳಿಗೆಂದೇ ಮಾಡಿಸಿದ್ದು. "ಮಗ್ಳು ದೊಡ್ಡೋಳಾಗಿ ಕೇಳೋಗಂಟ ನಿನ್ ತಾವ ಇರ್ಲಿ" ಎಂದು ಇಪ್ಪತ್ತು ವರ್ಷದ ಹಿಂದೆ ಕೊಟ್ಟಿದ್ದರು. ಹೋದ ತಿಂಗಳು ಅವಳು ಕೇಳಿದಾಗ, "ಸ್ಪರ್ಧೆ ಮುಗೀಲಿ ಕಣವ್ವ" ಎಂದು ಜಾರಿಕೊಂಡಿದ್ದ. ತಾಳ ಹೋದರೆ ವಿರೂಪಾಕ್ಷಿಪುರದ ಮಂಡಳಿಯಲ್ಲಿ ಅವನ ಜಾಗವೂ ಹೋದಂತೆ.

ಅವನಿಗೊಂದು ಗುಟ್ಟಿತ್ತು. ಮಂಡಳಿ ಸೇರಿದ ದಿನವೇ ಮೇಷ್ಟ್ರು ಕಿವಿಯಲ್ಲಿ ಹೇಳಿದ್ದರು: "ನಿನ್ ಕೈಗೆ ಲಯ ಕೂರಾಕಿಲ್ಲ. ಸುಮ್ಕೆ ಕೈ ಆಡ್ಸು, ತಾಗಿಸ್ಬ್ಯಾಡ. ಯಾರ್ಗೂ ಯೋಳ್ಬ್ಯಾಡ." ಅಂದಿನಿಂದ ಕೂದಲೆಳೆಯಷ್ಟು ಅಂತರ ಬಿಟ್ಟು, ಕಣ್ಣು ಮುಚ್ಚಿ, ಭಕ್ತಿಯಿಂದ ಕೈ ಆಡಿಸಿಕೊಂಡು ಬಂದಿದ್ದ. ಎರಡು ಸಲ ಸನ್ಮಾನವೂ ಆಗಿತ್ತು. ಮೇಷ್ಟ್ರು ಹೋದ ಮೇಲೆ ಮಂಡಳಿ ಮೂರು ಸಭೆ ಸೇರಿತ್ತು, ಮೂರೂ ಶಾಲಿನ ಬಣ್ಣದ ಬಗ್ಗೆ. ಪಳಗಿದ ಕೈಗಳಿಗೆ ಅಭ್ಯಾಸ ಯಾಕೆ ಎಂದು ಎಲ್ಲರೂ ಒಪ್ಪಿದ್ದರು.

ಮಂಡಳಿಯ ಹೆಸರು ಕರೆದರು. ಹಾಡು ಎದ್ದಿತು. ಎಂಟು ಜೊತೆ ಕೈ ಒಟ್ಟಿಗೆ ಮೇಲೆದ್ದವು, ಒಟ್ಟಿಗೆ ಹತ್ತಿರ ಬಂದವು. ಸದ್ದಿಲ್ಲ.

"ಲೇ, ಬಾರಿಸ್ಲಾ" ಎಂದು ಗವಿಸಿದ್ದಯ್ಯ ಪಕ್ಕದ ಬಸವಲಿಂಗಯ್ಯನ ಕಡೆ ವಾಲಿದ.

"ನಂಗೆ ಮೇಷ್ಟ್ರು ತಾಗಿಸ್ಬ್ಯಾಡ ಅಂದವ್ರೆ. ನೀನ್ ಬಾರಿಸು."

"ನಂಗೂ ಅಂಗೇ ಅಂದಿದ್ರು ಕಣ್ಲಾ."

ಅದೇ ಪಿಸುಮಾತು ಸಾಲಿನ ಆ ತುದಿಗೆ ಹೋಗಿ ವಾಪಸ್ಸು ಬಂತು. ಇಷ್ಟು ವರ್ಷ ಇಡೀ ಮಂಡಳಿಯ ತಾಳದ ಸದ್ದನ್ನು ಮೇಷ್ಟ್ರು ಒಬ್ಬರೇ ಮಾಡಿದ್ದರು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಚಪ್ಪಾಳೆ ಕೇಳಿಸಿತು. ಗಿರಿಜಾಂಬ ಅಂಗೈ ತಟ್ಟಿ ಲಯ ಹಿಡಿದಿದ್ದಳು. ಹಾಡು ಹೇಗೋ ದಡ ಸೇರಿತು.

ಬಹುಮಾನ ಬೇರೆ ಊರಿಗೆ ಹೋಯಿತು. ಈ ಥಂಡಿಗೆ ಕಂಚು ದನಿ ಬಿಡುವುದಿಲ್ಲ ಎಂದು ಮಂಡಳಿಯವರು ಮಾತಾಡಿಕೊಳ್ಳುತ್ತಿದ್ದಾಗ ಗವಿಸಿದ್ದಯ್ಯ ಎದ್ದು ಹೋಗಿ, ತಾಳವನ್ನು ಗಿರಿಜಾಂಬಳ ಕೈಗಿಟ್ಟ.

ಅವಳು ಅಂಚಿನ ಮೇಲೆ ಬೆರಳಾಡಿಸಿದಳು.

"ಇಪ್ಪತ್ತು ವರ್ಸಕ್ಕೂ ಒಂದ್ ಗೀರು ಬಿದ್ದಿಲ್ವಲ್ಲ ಮಾವ. ಬೋ ಜ್ವಾಪಾನವಾಗಿ ಮಡಗಿದ್ದೀರ."